ಹದಿನಾಲ್ಕು ತಾಸಿನ ಪಾಳಿ

ಪಾಠವನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತುವ ಮೇಷ್ಟ್ರುಗಳಿಗೆ ಏನು ಮಾಡಬೇಕೋ ದೇವರೇ ಹೇಳಬೇಕು. ಗೋಪಣ್ಣ ಸರ್ ಕೆಟ್ಟವರೇನಲ್ಲ. ಲಿಂಗಸುಗೂರಿನ ಆ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂಬ ವಿಷಯ ಶುರುವಾಗಿ ಮೂರು ವರ್ಷವಾಗಿತ್ತು. ಮೂರೂ ವರ್ಷ ಅವರೊಬ್ಬರೇ ಅದನ್ನು ಎಳೆದುಕೊಂಡು ಬಂದಿದ್ದರು. ಆದರೆ ೧೯೯೬ರ ಫೆಬ್ರುವರಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಪೇಪರಿನ ಮೂರನೇ ಅಧ್ಯಾಯವನ್ನು ನಟ್ಟನಡುವೆ ನಿಲ್ಲಿಸಿ, "ಯೂನಿವರ್ಸಿಟಿಯವರು ಪೇಪರ್ ತಿದ್ದಾಕ ಕರದಾರ, ಮೂರು ವಾರ ಬಿಟ್ಟು ಬಂದು ಉಳದಿದ್ದು ಹೇಳ್ತೀನಿ" ಎಂದು ಗುಲಬರ್ಗಾಕ್ಕೆ ಹೊರಟುಬಿಟ್ಟರು. ಉಳಿದಿದ್ದು ಎರಡೇ ಪುಟ. ಆ ಎರಡು ಪುಟದಲ್ಲಿ ಏನಿತ್ತು ಎಂಬುದು ವಳಕಮದಿನ್ನಿಯ ಸೂಗಮ್ಮನಿಗೆ ತಿಳಿಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಸೂಗಮ್ಮ ಬಿ.ಎಸ್ಸಿ. ಕೊನೆಯ ವರ್ಷದವಳು. ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಕಾಲೇಜಿನಲ್ಲಿ ನಾಲ್ಕು ಕಂಪ್ಯೂಟರು, ನಾಲ್ಕಕ್ಕೂ ಹೊದಿಕೆ, ಕೋಣೆಗೆ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ವಾರಕ್ಕೊಮ್ಮೆ ಮುಕ್ಕಾಲು ತಾಸು ಅವುಗಳ ಮುಂದೆ ಕೂರಿಸುತ್ತಿದ್ದರು, ಅದೂ ಕರೆಂಟು ಇದ್ದರೆ. ಉಳಿದದ್ದೆಲ್ಲ ಬೋರ್ಡಿನ ಮೇಲೆಯೇ. ಆದರೂ ಆ ಪೇಪರು ಅವಳಿಗೆ ಬಹಳ ಹಿಡಿಸಿತ್ತು, ಯಾಕೆಂದರೆ ಅದು ಅವಳ ಮನೆಯ ಮಾತೇ ಆಗಿತ್ತು.

"ಯಂತ್ರ ಒಂದು, ಕೆಲಸ ನೂರು," ಎಂದಿದ್ದರು ಗೋಪಣ್ಣ ಸರ್, "ಎಲ್ಲಾವೂ ನನಗ ಮೊದಲು ನನಗ ಮೊದಲು ಅಂತ ಬಾಗಲಾಗ ನಿಂತಿರ್ತಾವ. ಯಾರನ್ನ ಒಳಗ ಕರೀಬೇಕು, ಯಾರನ್ನ ಕುಂದ್ರಸಬೇಕು, ಇದನ್ನ ತೀರ್ಮಾನ ಮಾಡೂದ ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ." ಬೋರ್ಡಿನ ಮೇಲೆ ಮೂರು ಕೆಲಸ ಬರೆದರು: ಒಂದಕ್ಕೆ ಹದಿನಾರು ನಿಮಿಷ ಬೇಕು, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಒಂದು. ಬಂದ ಸಾಲಿನಲ್ಲೇ ಬಿಟ್ಟರೆ ತಲೆಗೆ ಸರಾಸರಿ ಹನ್ನೆರಡು ನಿಮಿಷ ಕಾಯಬೇಕು. ಸಣ್ಣ ಕೆಲಸವನ್ನು ಮೊದಲು ಬಿಟ್ಟರೆ ಎರಡೇ ನಿಮಿಷ. "ಇದಕ್ಕ ಶಾರ್ಟೆಸ್ಟ್ ಜಾಬ್ ಫಸ್ಟ್ ಅಂತಾರ. ಸರಾಸರಿ ಕಾಯೂ ವೇಳೆ ಇದಕ್ಕಿಂತ ಕಡಿಮಿ ಮಾಡಾಕ ಯಾರಪ್ಪನ ಕಡಿಂದನೂ ಆಗೂದಿಲ್ಲ. ಗಣಿತದಾಗ ಸಾಧಿಸಿ ತೋರಿಸ್ಯಾರ." ಸೂಗಮ್ಮ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಳು. ಅಷ್ಟರಲ್ಲಿ ಗಂಟೆ ಬಾರಿಸಿತು.

ಅವಳ ಅಪ್ಪ ದುರುಗಪ್ಪ ವಳಕಮದಿನ್ನಿಯ ನೀರುಗಂಟಿ. ಉಪಕಾಲುವೆಯ ಒಂದು ತೂಬಿನ ಕೆಳಗೆ ಅರವತ್ತು ಎಕರೆ ನೆಲ್ಲು, ಇಪ್ಪತ್ತಮೂರು ಮಂದಿ ರೈತರು, ಮತ್ತು ಒಂದೇ ಒಂದು ಬಾಯಿ ನೀರು. ಎಕರೆಗೆ ಎರಡು ತಾಸು ಬೇಕು. ಯಾರ ಹೊಲಕ್ಕೆ ಯಾವಾಗ ತಿರುಗಿಸಬೇಕು ಎಂಬುದನ್ನು ಇಪ್ಪತ್ತೆರಡು ವರ್ಷದಿಂದ ದುರುಗಪ್ಪನೇ ನೋಡಿಕೊಂಡು ಬಂದಿದ್ದ. ಓದು ಬರಹ ಇಲ್ಲದವನು. ತೂಬಿನ ಪಕ್ಕದ ಗುಡಿಸಲಿನಲ್ಲಿ ಇಪ್ಪತ್ತಮೂರು ಪುಂಡಿನಾರಿನ ಎಳೆ ಇಳಿಬಿಟ್ಟಿದ್ದ, ರೈತನಿಗೊಂದು. ನೀರಿಲ್ಲದೆ ಒಂದು ದಿನ ಕಳೆದರೆ ಆ ಎಳೆಗೆ ಒಂದು ಗಂಟು ಬೀಳುತ್ತಿತ್ತು, ನೀರು ಹರಿದ ದಿನ ಎಲ್ಲ ಗಂಟೂ ಬಿಚ್ಚಿಹೋಗುತ್ತಿದ್ದವು. ಸಣ್ಣಪುಟ್ಟವರನ್ನು ಮೊದಲು ಮುಗಿಸಿ ಕಳಿಸುತ್ತಿದ್ದ, ಆದರೆ ಯಾರ ಎಳೆಯಲ್ಲಾದರೂ ನಾಲ್ಕು ಗಂಟು ಕಂಡವೋ, ಅವರದ್ದು ಎಷ್ಟೇ ದೊಡ್ಡ ಹೊಲವಿರಲಿ, ಅವರನ್ನೇ ಮುಂದಕ್ಕೆ ಎಳೆಯುತ್ತಿದ್ದ. ಯಾಕೆ ಹೀಗೆ ಎಂದು ಯಾರಿಗೂ ಬಿಡಿಸಿ ಹೇಳಿದವನಲ್ಲ. ಹೇಳು ಅಂದರೆ ಹೇಳಲಿಕ್ಕೂ ಅವನಿಗೆ ಬರುತ್ತಿರಲಿಲ್ಲ.

ಹೇಳದಿದ್ದರೆ ಊರವರು ಸುಮ್ಮನಿರುತ್ತಾರೆಯೇ? ಅದರಲ್ಲೂ ಪಕೀರಪ್ಪ. ಹನ್ನೆರಡು ಎಕರೆಯ ಕುಳ, ಬಾಯಿ ಅದಕ್ಕಿಂತ ದೊಡ್ಡದು. ಆ ವರ್ಷ ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಸಣ್ಣಗಾಗಿತ್ತು. ಎಲ್ಲರ ತಲೆಯೂ ಬಿಸಿಯಾಗಿತ್ತು. ಪೇಪರು ತಿದ್ದುವ ರಜೆಗೆಂದು ಊರಿಗೆ ಬಂದ ಸೂಗಮ್ಮ ಮಾರನೇ ದಿನ ಅಪ್ಪನಿಗೆ ಬುತ್ತಿ ತೆಗೆದುಕೊಂಡು ತೂಬಿನ ಹತ್ತಿರ ಹೋದರೆ, ಅಲ್ಲಿ ಹತ್ತು ಮಂದಿಯ ನಡುವೆ ಪಕೀರಪ್ಪ ಕೂಗಾಡುತ್ತಿದ್ದ.

"ಏ ದುರುಗ್ಯಾ, ನಿನ್ನ ನಾರಿನ್ಯಾಗ ಏನ್ ಐತೋ ಯಾರಿಗೆ ಗೊತ್ತಲೇ? ದಾವಲ್‌ಬೀ ಮನ್ಯಾಗ ಚಾ ಕುಡದು ಬರ್ತಿ, ಮರುದಿನ ಆಕಿ ಹೊಲಕ್ಕ ಹದಿನಾಕು ತಾಸು ನೀರು! ಆ ಚಾದಾಗ ಏನ್ ಹಾಕ್ತಾಳೋ, ನಮಗೂ ಹೇಳು!"

ನಾಲ್ಕು ಜನ ನಕ್ಕರು. ದಾವಲ್‌ಬೀ ಆರು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವಳು, ಕಾಲುವೆಯ ತುತ್ತತುದಿಯಲ್ಲಿ ಏಳು ಎಕರೆಯನ್ನು ಒಬ್ಬಳೇ ಮಾಡಿಸುತ್ತಿದ್ದವಳು. ದುರುಗಪ್ಪ ತಲೆ ತಗ್ಗಿಸಿ ಸನಿಕೆಯ ಮಣ್ಣು ಕೆರೆಯುತ್ತ ನಿಂತಿದ್ದ. ಐವತ್ತೈದು ವರ್ಷದ ಅಪ್ಪ ಹಾಗೆ ನಿಂತದ್ದನ್ನು ನೋಡಿ ಸೂಗಮ್ಮನ ಮೈಯೆಲ್ಲ ಉರಿದುಹೋಯಿತು.

"ನಾ ಬರದು ಕೊಡ್ತೀನಿ," ಎಂದಳು, ಬುತ್ತಿಯನ್ನು ನೆಲಕ್ಕೆ ಕುಕ್ಕಿ. "ಯಾರ ಪಾಳಿ ಯಾವಾಗ ಅಂತ ಕಾಗದದಾಗ ಇರ್ತದ. ನಮ್ಮಪ್ಪಗ ಓದಾಕ ಬರೂದಿಲ್ಲ, ನಾ ಓದಿ ಹೇಳ್ತೀನಿ, ಆಂವ ನೀರು ಬಿಡ್ತಾನ. ಅವಾಗರ ಬಾಯಿ ಮುಚ್ಚತೀರೇನು?"

"ಕಾಗದ ತಪ್ಪು ಹೇಳಿದ್ರ?" ಎಂದ ಒಬ್ಬ.

"ತಪ್ಪು ಹೇಳಾಕ ಸಾಧ್ಯಾನ ಇಲ್ಲ. ಕಂಪ್ಯೂಟರಿನ ಒಳಗ ಹೆಂಗ ಪಾಳಿ ಹಚ್ಚತಾರೋ, ಹಂಗ ಹಚ್ಚತೀನಿ."

ಆಯಿತಲ್ಲ! ಅಷ್ಟು ಸಾಕಾಯಿತು ಊರಿಗೆ. ಎರಡು ದಿನ ಕೂತು ಇಪ್ಪತ್ತಮೂರು ಹೆಸರಿನ ಲೆಕ್ಕ ಹಾಕಿದಳು. ಹಳೆಯ ರೀತಿಯಲ್ಲಿ ಒಬ್ಬೊಬ್ಬ ರೈತ ಸರಾಸರಿ ಐವತ್ತು ತಾಸು ಕಾಯುತ್ತಿದ್ದ, ಸಣ್ಣ ಹೊಲ ಮೊದಲು ಎಂದು ಬಿಟ್ಟರೆ ಮೂವತ್ತೆರಡೇ ತಾಸು. ಕಾಲೇಜಿನ ಪ್ರಿಂಟರಿನಿಂದ ತಂದುಕೊಂಡಿದ್ದ, ಅಂಚಿಗೆ ಸಾಲಾಗಿ ತೂತಿದ್ದ ಉದ್ದನೆಯ ಕಾಗದ ಅವಳ ಬಳಿ ಇತ್ತು. ಅದರ ಬೆನ್ನಮೇಲೆ ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದು, ಸಿಂಧನೂರಿಗೆ ಹೋಗಿ ನಾಲ್ಕು ಜೆರಾಕ್ಸ್ ಮಾಡಿಸಿ ತಂದಳು. ಆ ತೂತುಗಳನ್ನು ನೋಡಿದ ಮೇಲೆ ಅದು ಕಂಪ್ಯೂಟರ್ ಬರೆದದ್ದಲ್ಲ, ಸೂಗಮ್ಮ ಬರೆದದ್ದು ಎಂದರೆ ಯಾರೂ ನಂಬಲು ತಯಾರಿರಲಿಲ್ಲ. ಅವಳಿಗೂ ಆ ಹೊತ್ತಿನಲ್ಲಿ ಅದು ಚಂದವೇ ಅನಿಸಿತು, ಸುಳ್ಳು ಯಾಕೆ ಹೇಳಬೇಕು.

ದುರುಗಪ್ಪ ಮಾತ್ರ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಯವ್ವಾ, ಸಣ್ಣ ಹೊಲದಾಂವ ಮೂರು ದಿನಕ್ಕ ಮತ್ತ ಬರ್ತಾನಲ್ಲ?"

"ಬರ್ಲಿ."

"ಬಂದು ಮತ್ತ ಮುಂದ ಹೋಗ್ತಾನ. ದೊಡ್ಡ ಹೊಲದಾಕಿ ಅಲ್ಲೇ ಕುಂತಿರ್ತಾಳಲ್ಲ?"

"ಒಬ್ಬರದು ನೋಡಬಾರದಪಾ, ಸರಾಸರಿ ನೋಡಬೇಕು. ಸರಾಸರಿ ಹದಿನೆಂಟು ತಾಸು ಕಡಿಮಿ ಆಗೇದ."

"ಸರಾಸರಿ ಅಂದ್ರ ಯಾರವ್ವ? ಅವರ ಹೊಲ ಯಾವ ಕಡಿ ಐತಿ?"

ಸೂಗಮ್ಮ ನಕ್ಕುಬಿಟ್ಟಳು. ಅಪ್ಪ ಅಂದದ್ದೇ ಅಂಥದ್ದು, ಯಾರಾದರೂ ನಗುತ್ತಿದ್ದರು. ಆದರೆ ಆ ನಗು ಆಮೇಲೆ ಅವಳನ್ನು ಬಹಳ ಕಾಡಿತು. ದುರುಗಪ್ಪ ಒಪ್ಪಿಕೊಂಡ. ಕಾಲೇಜು ಓದಿದ ಮಗಳು, ತನ್ನ ಮಾನ ಉಳಿಸಲೆಂದು ಬರೆದ ಕಾಗದ. ನಾರಿನ ಎಳೆಗಳನ್ನು ಸುತ್ತಿ ಗುಡಿಸಲಿನ ಜಂತಿಗೆ ಸಿಕ್ಕಿಸಿಟ್ಟ.

ಮೊದಲ ನಾಲ್ಕು ದಿನ ಊರಿಗೆ ಊರೇ ಹಿಗ್ಗಿತು. ಒಂದೆಕರೆ, ಎರಡೆಕರೆಯವರಿಗೆ ಕೇಳಿದ ದಿನವೇ ನೀರು. "ನೋಡ್ರಲೇ, ದುರುಗಪ್ಪನ ಮಗಳು ಏನ್ ಕಲತಾಳ!" ಎಂದು ಬೀದಿಯಲ್ಲಿ ಕರೆದು ಹೇಳುವವರೇ. ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಗೆ ಇದ್ದವನು ಪಕೀರಪ್ಪ, ಇಪ್ಪತ್ತನಾಲ್ಕು ತಾಸಿನವನು. ಅವನಿಗಿಂತ ಒಂದು ಮೆಟ್ಟಿಲು ಮೇಲೆ ದಾವಲ್‌ಬೀ, ಹದಿನಾಲ್ಕು ತಾಸು. ಪಕೀರಪ್ಪ ಜಗಳ ತೆಗೆಯಬೇಕಿತ್ತು, ತೆಗೆಯಲಿಲ್ಲ. ಪಟ್ಟಿಯನ್ನು ಎರಡು ಸಲ ಓದಿಸಿ ಕೇಳಿ, ಮೀಸೆಯಲ್ಲೇ ನಕ್ಕು ಹೋದ. ಆ ನಗು ನೋಡಿದಾಗಲೇ ಸೂಗಮ್ಮ ಎಚ್ಚರಾಗಬೇಕಿತ್ತು. ಐದನೇ ದಿನ ಮನೆಗೆ ಬಂದ.

"ಬರಕೊಳ್ಳವ್ವ. ಹನ್ನೆರಡು ಎಕರೆ ಪಾಲು ಮಾಡೀನಿ. ನಾಕು ಮಂದಿ ಮಕ್ಕಳು, ಇಬ್ಬರು ಸೊಸ್ತೇರು. ತಲಿಗೆ ಎರಡೆಕರೆ. ಆರು ಹೆಸರು, ನಾಕ್ನಾಕು ತಾಸು."

"ಕಾಕಾ, ಖರೇನ ಪಾಲು ಆಗೇದೇನ್ರೀ?"

"ನಿನ್ನ ಕಂಪ್ಯೂಟರ್ ಪಹಣಿ ಕೇಳ್ತದೇನು?"

ಕೇಳುತ್ತಿರಲಿಲ್ಲ. ಅವಳು ಮಾಡಿದ ನಿಯಮದಲ್ಲಿ ಹೊಲದ ಅಳತೆ ಬಾಯಿಮಾತಿನಲ್ಲೇ ಇತ್ತು. ಸುಳ್ಳು ಹೇಳಬಾರದೆಂದು ಯಾವ ಸಾಲಿನಲ್ಲೂ ಇರಲಿಲ್ಲ. ಬರೆದುಕೊಂಡಳು. ಪಕೀರಪ್ಪ ಮಾಡಿದ್ದನ್ನು ನೋಡಿ ಇನ್ನೂ ಮೂವರು ತಮ್ಮ ಐದೆಕರೆ, ಆರೆಕರೆಯನ್ನು ಹೆಂಡತಿ, ತಮ್ಮ, ತೊಟ್ಟಿಲ ಕೂಸು ಎಂದು ಹಂಚಿ ಹೆಸರು ಬರೆಸಿ ಹೋದರು. ಪಟ್ಟಿಯಲ್ಲಿ ಮೂವತ್ತೇಳು ಹೆಸರಾದವು. ಎಲ್ಲರೂ ಸಣ್ಣವರೇ ಆಗಿಹೋದರು, ದೊಡ್ಡ ಹೊಲ ಎಂದು ಇಡೀ ತೂಬಿನ ಕೆಳಗೆ ಉಳಿದದ್ದು ದಾವಲ್‌ಬೀಯ ಏಳು ಎಕರೆ ಒಂದೇ. ಅವಳ ಪಾಳಿ ಬರುವಷ್ಟರಲ್ಲಿ ಮೊದಲು ನೀರು ಹಾಯಿಸಿಕೊಂಡವರ ಹೊಲ ಮತ್ತೆ ಒಣಗುತ್ತಿತ್ತು, ಅವರು ಮತ್ತೆ ಕೇಳುತ್ತಿದ್ದರು, ಕಾಗದದ ಪ್ರಕಾರ ಮತ್ತೆ ಅವರೇ ಮುಂದೆ.

ಒಂಬತ್ತನೇ ದಿನ ದಾವಲ್‌ಬೀ ಬಂದಳು. ಸೆರಗಿನ ತುದಿಯಲ್ಲಿ ಒಂದು ಬುಡ ನೆಲ್ಲು ಕಿತ್ತು ತಂದಿದ್ದಳು. ಎಲೆ ಸುರುಳಿ ಸುತ್ತಿಕೊಂಡಿತ್ತು.

"ಹೊಡಿ ಹೊಂಟೈತಿ ಸೂಗವ್ವ, ತೆನಿ ಕಟ್ಟೂ ಹೊತ್ತು. ಇವತ್ತು ನಾಳಿ ನೀರು ಬರಲಿಲ್ಲಂದ್ರ ತೆನಿ ಬಿಳೇದಾಗಿ ಬರ್ತದ. ನೆಲ ಕಾಲು ಹೊಗೂವಷ್ಟು ಬಿರಕ ಬಿಟ್ಟೈತಿ."

"ನಾಳಿ ನಿಮ್ಮದ ಬರ್ತದ ಚಾಚಿ."

"ಮೊನ್ನೀನೂ ನಾಳಿ ಅಂದಿದ್ದಿ."

ಸೂಗಮ್ಮ ತಗ್ಗಿದ ದನಿಯಲ್ಲಿ, "ಚಾಚಿ, ನೀವೂ ಹೆಸರು ಹಂಚರಿ. ಮುದಗಲ್ಲಿನ ಮಗಳ ಹೆಸರ್ಲೆ ಅರ್ಧ ಬರೀಲೇನು?" ಎಂದಳು.

"ಬ್ಯಾಡ. ಕೊಟ್ಟ ಹೆಣ್ಣಿನ ಹೆಸರು ತವರಿನ ಹೊಲಕ್ಕ ಹತ್ತಿದ್ರ ಅಳಿಯ ನಾಳಿ ಎತ್ತು ಹೊಡಕೊಂಡು ಬರ್ತಾನ. ಇದ್ದದ್ದು ಒಂದು ಹೊಲ, ಒಂದು ಹೆಸರು. ನಿನ್ನ ಕಾಗದ ಖರೇದ ಇದ್ರ ನನ್ನ ಪಾಳಿ ಬಂದ ಬರ್ತದ." ಬುಡವನ್ನು ಅಂಗಳದಲ್ಲೇ ಬಿಟ್ಟು ಹೋದಳು. ದುರುಗಪ್ಪ ಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ.

ಹನ್ನೊಂದನೇ ದಿನ ಲಿಂಗಸುಗೂರಿನಿಂದ ಸುದ್ದಿ ಬಂತು, ಗೋಪಣ್ಣ ಸರ್ ಮೂರು ವಾರ ತುಂಬುವ ಮೊದಲೇ ಬಂದಿದ್ದಾರೆ, ಕ್ಲಾಸಿದೆ ಎಂದು. ಮರುದಿನ ನಸುಕಿನಲ್ಲೇ ಬಳಗಾನೂರಿಗೆ ನಡೆದು, ಬಸ್ಸು ಹಿಡಿದು, ಮಸ್ಕಿಯಲ್ಲಿ ಇಳಿದು ಇನ್ನೊಂದು ಹತ್ತಿ ಕಾಲೇಜು ಮುಟ್ಟಿದಳು. ಸರ್ ನೋಟ್ಸು ತೆರೆದು, ಬಿಟ್ಟಲ್ಲಿಂದಲೇ ಶುರು ಮಾಡಿದರು.

"ಶಾರ್ಟೆಸ್ಟ್ ಜಾಬ್ ಫಸ್ಟಿಗೆ ಒಂದು ದೊಡ್ಡ ದೋಷ ಐತಿ. ಸಣ್ಣ ಕೆಲಸ ಮ್ಯಾಲಿಂದ ಮ್ಯಾಲೆ ಬರಾಕತ್ತಿದ್ರ ದೊಡ್ಡ ಕೆಲಸಕ್ಕ ಪಾಳೀನ ಬರೂದಿಲ್ಲ. ಕಾಕೋತ ಕಾಕೋತ ಅಲ್ಲೇ ಕುಂತಿರ್ತದ. ಇದಕ್ಕ ಸ್ಟಾರ್ವೇಶನ್ ಅಂತಾರ, ಅಂದ್ರ ಉಪವಾಸ ಕೆಡವೂದು. ಸರಾಸರಿ ಮಾತ್ರ ಭೇಷ್ ಇರ್ತದ, ಅದರಾಗ ಇದು ಕಾಣೂದಿಲ್ಲ. ಬರಕೋರಿ. ಇದಕ್ಕ ಉಪಾಯ ಏನು? ಏಜಿಂಗ್. ಯಾವ ಕೆಲಸ ಎಷ್ಟು ಹೊತ್ತು ಕಾದೈತಿ ಅಂತ ಗುರುತು ಇಟ್ಟು, ಕಾದಂಗ ಕಾದಂಗ ಅದನ್ನ ಮುಂದ ಮುಂದ ಸರಸೂದು. ಐದು ಮಾರ್ಕಿಗೆ ಬರ್ತದ."

ಸೂಗಮ್ಮನ ಪೆನ್ನು ನಿಂತಿತು. ಕಾದ ದಿನದ ಗುರುತು, ನಾಲ್ಕು ಗಂಟು ಬಿದ್ದರೆ ಮುಂದಕ್ಕೆ. ಅಪ್ಪ ಇಪ್ಪತ್ತೆರಡು ವರ್ಷ ಮಾಡಿಕೊಂಡು ಬಂದದ್ದು ಇದೇ. ಅದನ್ನು ಜಂತಿಗೆ ಸಿಕ್ಕಿಸುವ ಹಾಗೆ ಮಾಡಿದವಳು ತಾನು. ತನ್ನ ಬಾಯಿಂದ ದನಿ ಹೊರಟದ್ದು ಅವಳಿಗೇ ತಿಳಿಯಲಿಲ್ಲ.

"ಸರ್, ಇದನ್ನ ಅವತ್ತ ಯಾಕ ಹೇಳಲಿಲ್ಲ?"

ಗೋಪಣ್ಣ ಸರ್ ಕನ್ನಡಕದ ಮೇಲಿಂದ ನೋಡಿದರು. "ಗಂಟಿ ಬಾರಿಸ್ತಲ್ಲವ್ವ."

ಎದ್ದು ಹೊರಗೆ ಬಂದಳು. ಹಿಂದಿನಿಂದ ಯಾರೋ ಕರೆದರು, ತಿರುಗಿ ನೋಡಲಿಲ್ಲ. ಮಸ್ಕಿಯಲ್ಲಿ ಬಸ್ಸಿಗೆ ಒಂದೂವರೆ ತಾಸು ನಿಲ್ಲಬೇಕಾಯಿತು. ಬಿಸಿಲಿಗೆ ಡಾಂಬರು ಅಂಟುತ್ತಿತ್ತು. ಹನ್ನೆರಡು ದಿನ ನೀರಿಲ್ಲದ ಏಳು ಎಕರೆ ಈ ಬಿಸಿಲಿನಲ್ಲಿ ಹೇಗಿರಬೇಕೆಂದು ನೆನೆಸಿಕೊಂಡಳು. ಇವತ್ತು ಸಂಜೆಯೊಳಗೆ ದಾವಲ್‌ಬೀಗೆ ನೀರು ತಿರುಗಿಸಬೇಕು, ಎಲ್ಲರ ಕಾಲು ಹಿಡಿದಾದರೂ ಸರಿ. ಬಸ್ಸಿನುದ್ದಕ್ಕೂ ಅದೊಂದೇ ತಲೆಯಲ್ಲಿತ್ತು.

ಊರು ಮುಟ್ಟಿದವಳೇ ಎಲ್ಲರನ್ನೂ ತೂಬಿನ ಕಟ್ಟೆಗೆ ಕರೆಸಿದಳು. ಸಂಜೆ ನಾಲ್ಕೂವರೆಯ ಹೊತ್ತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕೆಳಗೆ ಬೇವಿನ ನೆರಳಿಗೆ. ದಾವಲ್‌ಬೀಯೂ ಅಲ್ಲಿದ್ದಳು.

"ಪಟ್ಟಿ ತಪ್ಪೈತಿ," ಎಂದಳು ಸೂಗಮ್ಮ. "ನನಗ ಅರ್ಧ ಪಾಠ ಗೊತ್ತಿತ್ತು, ಅರ್ಧದಾಗ ಬರದುಬಿಟ್ಟೆ. ಅಪ್ಪ ಮಾಡತಿದ್ದದ್ದ ಸರಿ. ಯಾರು ಬಾಳ ದಿನ ಕಾದಾರೋ ಅವರಿಗೆ ಮೊದಲು ಕೊಡಬೇಕು. ಇವತ್ತು ದಾವಲ್‌ಬೀ ಚಾಚಿಗೆ ಬಿಡೂಣು."

"ಕಂಪ್ಯೂಟರ್ ತಪ್ಪು ಮಾಡಾಕ ಸಾಧ್ಯಾನ ಇಲ್ಲ ಅಂದಾಕಿ ನೀನ," ಎಂದ ಪಕೀರಪ್ಪ.

"ಅದು ಕಂಪ್ಯೂಟರ್ ಅಲ್ರೀ ಕಾಕಾ, ಕೈಲೆ ಬರದಿದ್ದು. ತಪ್ಪು ನಂದು."

"ಮಂದಿ ಮುಂದ ಒಪ್ಪಿದ ಮಾತು ಸುಗ್ಗಿತನಕ ನಡೀಬೇಕು. ದಿನಕ್ಕೊಂದು ಪಟ್ಟಿ ಅಂದ್ರ ಮಕ್ಕಳ ಆಟೇನು?"

ಹೆಸರು ಹಂಚಿ ಲಾಭ ಕಂಡವರೆಲ್ಲ ಹೌದೌದು ಎಂದರು. ಒಂದೆಕರೆ ಎರಡೆಕರೆಯವರು ನೆಲ ನೋಡಿದರು. ಪಾಪ, ಅವರ ನೆಲ್ಲು ಹಸಿರಾಗಿತ್ತು, ಅವರೇಕೆ ಬಾಯಿ ತೆರೆಯುತ್ತಾರೆ? ಸೂಗಮ್ಮ ಕೈ ಮುಗಿದಳು, ಅತ್ತಳು, ಪಕೀರಪ್ಪನ ಕಾಲಿಗೂ ಬಗ್ಗಿದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

ಆಗ ದುರುಗಪ್ಪ ಸನಿಕೆ ಹೆಗಲಿಗೇರಿಸಿ ಎದ್ದು ನಿಂತ. "ಯಾರರ ಏನರ ಅನ್ರಿ. ನಾ ಈಗ ದಾವಲ್‌ಬೀ ಹೊಲಕ್ಕ ತಿರುವತೀನಿ."

"ನೋಡ್ರೆಪಾ ನೋಡ್ರಿ!" ಪಕೀರಪ್ಪ ತೊಡೆ ತಟ್ಟಿ ನಕ್ಕ. "ನಾ ಅವತ್ತ ಹೇಳಿರಲಿಲ್ಲ? ಚಾದ ರುಚಿ ಮುದುಕ ಇನ್ನೂ ಬಿಟ್ಟಿಲ್ಲ!"

ಈ ಮಾತು ದಾವಲ್‌ಬೀಯ ಕಿವಿಗೆ ನೇರವಾಗಿ ಬಿದ್ದದ್ದು ಅದೇ ಮೊದಲು. ಬೇವಿನ ನೆರಳು ಬಿಟ್ಟು ಬಂದಳು. ಗಂಡಸರ ಕಟ್ಟೆಯನ್ನು ಎಂದೂ ಹತ್ತಿದವಳಲ್ಲ, ಹತ್ತಿ ದುರುಗಪ್ಪನ ಮುಂದೆ ನಿಂತಳು.

"ಕುಂದರು ದುರುಗಣ್ಣ. ನಿನ್ನ ಹೆಸರು ಕೆಡಿಸಿ ನನಗ ನೀರು ಬ್ಯಾಡ. ಸೂಗವ್ವ, ಪೆನ್ನು ತಗಿ. ನನ್ನ ಹೊಲಾನೂ ಪಾಲಾಗೇದ. ನಾಕು ಹೆಸರು ಬರಕೋ."

ಸೂಗಮ್ಮ ಕಣ್ಣೊರೆಸಿಕೊಂಡು ಕಾಗದ ಬಿಡಿಸಿದಳು.

"ದಾವಲ್‌ಬೀ. ನನ್ನೇಸಾಬ. ಶಾಮೀದಸಾಬ. ರಹಮಾನಸಾಬ."

ಕಟ್ಟೆಯ ಮೇಲೆ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ನನ್ನೇಸಾಬ ಅವಳ ಗಂಡ, ತೀರಿಹೋದವನು. ಶಾಮೀದಸಾಬ ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ಸತ್ತ ಮಗ. ರಹಮಾನಸಾಬ ಯಾರೆಂದು ಮುದುಕಿಯರಿಗೆ ಮಾತ್ರ ನೆನಪಿತ್ತು. ಹುಟ್ಟಿ ಒಂಬತ್ತು ದಿನ ಇದ್ದ ಕೂಸು.

"ಸತ್ತವರ ಹೆಸರ್ಲೆ ಪಾಳಿ ಕೊಡ್ತಾರೇನು?" ಎಂದ ಪಕೀರಪ್ಪ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ನಿನ್ನ ಹಿರೇ ಮಗ ಪುಣೇದಾಗ ಅದಾನ. ಸಣ್ಣ ಸೊಸಿ ಎರಡು ವರ್ಷ ಆತು, ತವರು ಬಿಟ್ಟು ಬಂದಿಲ್ಲ. ಅವರೂ ಹೊಲದಾಗ ಇಲ್ಲ, ಇವರೂ ಇಲ್ಲ. ಇವರರ ಇದ ಊರಿನ ಮಣ್ಣಾಗ ಅದಾರ. ಮತ್ತ ಇವರು ನಾಳಿ ಎದ್ದು ಬಂದು ಪಾಲು ಕೇಳೂದಿಲ್ಲ ಪಕೀರಪ್ಪ, ಅದಕ್ಕ ಧೈರ್ಯದಿಂದ ಬರಸಾಕತ್ತೀನಿ."

ಸೂಗಮ್ಮ ಬರೆದಳು. ಏಳು ಎಕರೆಗೆ ನಾಲ್ಕು ಹೆಸರು, ಒಂದೊಂದಕ್ಕೆ ಮೂರೂವರೆ ತಾಸು. ಪಕೀರಪ್ಪನ ಆರು ಹೆಸರಿಗೆ ನಾಲ್ಕು ನಾಲ್ಕು ತಾಸು. ಕಾಗದದ ನಿಯಮ ಕಾಗದದ್ದೇ, ಅರ್ಧ ತಾಸಿನ ಅಂತರದಲ್ಲಿ ಸತ್ತವರು ಅವನ ಮಕ್ಕಳಿಗಿಂತ ಮುಂದೆ ಬಂದು ಕೂತರು. ಎರಡು ಎಕರೆಯ ಒಳಗಿನವರು ಏಳೆಂಟು ಮಂದಿ ಇನ್ನೂ ಮುಂದಿದ್ದರು. ಅವರಲ್ಲಿ ಒಬ್ಬ ಎದ್ದು, "ನಂದು ನಾಳಿದ್ದು ಬಿಟ್ರೂ ನಡೀತದ" ಎಂದ. ಉಳಿದವರೂ ಒಬ್ಬೊಬ್ಬರಾಗಿ ಹಾಗೆಯೇ ಅಂದರು. ಈ ಮಾತನ್ನು ಅವರು ನಾಲ್ಕು ದಿನ ಮೊದಲೇ ಅನ್ನಬಹುದಿತ್ತು. ಆ ರಾತ್ರಿಯ ನೀರು ಆಗಲೇ ಬೇರೆ ನಾಲ್ಕು ಹೆಸರಿಗೆ ಹಂಚಿಹೋಗಿತ್ತು, ಬೆಳಗಿನ ತನಕ ಅದು ಅವರದೇ. ದಾವಲ್‌ಬೀಯ ನಾಲ್ಕು ಹೆಸರು ಮರುದಿನ ಎಂಟು ಗಂಟೆಗೆ ಶುರು ಎಂದು ನಿಂತಿತು.

ತೂಬಿನ ಮೇಲೆ ನಿಂತು ಹೆಸರು ಕೂಗಿ, ಹೊಲದಿಂದ ಓಗೊಟ್ಟ ಮೇಲೆಯೇ ನೀರು ತಿರುಗಿಸುವುದು ಅಲ್ಲಿಯ ಪದ್ಧತಿ. ಓಗೊಡದಿದ್ದರೆ ಪಾಳಿ ಮುಂದಿನವರಿಗೆ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ದುರುಗಪ್ಪ ಕೂಗಿದ, "ದಾವಲ್‌ಬೀ!" ತುದಿಯಿಂದ ಓ ಎಂದು ಬಂತು. ಹನ್ನೊಂದೂವರೆಗೆ ಕಾಗದ ನೋಡಿ ಸೂಗಮ್ಮ ಹೇಳಿದಳು, ಅಪ್ಪ ಕೂಗಿದ, "ನನ್ನೇಸಾಬ!" ಪಕ್ಕದ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ನನ್ನೇಸಾಬನೊಂದಿಗೆ ಒಂದೇ ಬಂಡಿಯಲ್ಲಿ ನೆಲ್ಲು ಹೇರಿದವನು ದುರುಗಪ್ಪ, ಅವನ ದನಿ ಒಡೆಯಿತು. ಓ ಎಂದು ಬಂತು. ಮೂರು ಗಂಟೆಗೆ ಶಾಮೀದಸಾಬ. ಅದಕ್ಕೂ ಓ ಎಂದು ಬಂತು, ಸ್ವಲ್ಪ ತಡವಾಗಿ.

ಅಷ್ಟು ಹೊತ್ತಿಗೆ ಸೂಗಮ್ಮ ಒಮ್ಮೆ ಹೊಲದ ತುದಿಯವರೆಗೆ ಹೋಗಿ ನೋಡಿ ಬಂದಿದ್ದಳು. ಮೇಲಿನ ತುಂಡುಗಳು ಬದುಕಬಹುದಿತ್ತು. ಕೊನೆಯ ಒಂದೂಮುಕ್ಕಾಲು ಎಕರೆಯಲ್ಲಿ ಹೊರಬಂದ ತೆನೆ ಬೆಳ್ಳಗೆ ನೆಟ್ಟಗೆ ನಿಂತಿತ್ತು. 'ಇದು ನಾನು ಮಾಡಿದ್ದು' ಎಂದು ಅವಳು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟಳು. ನೀರು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ, ಅದು ಕಾಳು ಕಟ್ಟದ ಜೊಳ್ಳು.

ಆರೂವರೆಗೆ ಹೊತ್ತು ಇಳಿಯುತ್ತಿತ್ತು. "ಮುಂದಿಂದು ಯಾರದು?" ಎಂದು ಕೇಳಿದ ದುರುಗಪ್ಪ. ಅವನಿಗೆ ಗೊತ್ತಿತ್ತು. ಆದರೂ ಕೇಳಿದ. ಸೂಗಮ್ಮ ಹೇಳಿದಳು.

"ರಹಮಾನಸಾಬ!"

ಓಗೊಡಲಿಲ್ಲ. ದುರುಗಪ್ಪ ಮತ್ತೊಮ್ಮೆ ಕೂಗಿದ. ಆಗಲೂ ಇಲ್ಲ. ಪಕೀರಪ್ಪನ ಮಗ ತನ್ನ ಪಾಳಿಗೆಂದು ಬದುವಿನ ಮೇಲೆ ಬಂದು ನಿಂತಿದ್ದವನು ಸನಿಕೆ ಕೆಳಗಿಟ್ಟು ಹಿಂದೆ ಸರಿದ. ಅಷ್ಟರಲ್ಲಿ ದಾವಲ್‌ಬೀ ಕಾಲುವೆಯ ಏರಿಯ ಮೇಲೆ ನಡೆದು ಬರುತ್ತಿರುವುದು ಕಂಡಿತು. ಮೊಣಕಾಲುದ್ದ ಕೆಸರು. ತೂಬಿನ ಹತ್ತಿರ ಬಂದು ನಿಂತಳು.

"ಆ ತುಂಡು ಹೋತು, ಗೊತ್ತೈತಿ ನನಗ," ಎಂದಳು. "ಆದ್ರೂ ಇನ್ನೊಮ್ಮೆ ಕರಿ ದುರುಗಣ್ಣ. ಆ ಹೆಸರು ಒಂಬತ್ತ ದಿನ ಕರದದ್ದು. ಆಮ್ಯಾಲೆ ಯಾರೂ ಕರದಿಲ್ಲ."

ದುರುಗಪ್ಪ ಹಲಗೆಯ ಮೇಲೆ ಕೈಯಿಟ್ಟು ಮಗಳ ಕಡೆ ನೋಡಿದ. ಸೂಗಮ್ಮ ಕಾಗದವನ್ನು ಮಡಚಿ, ತೂಬಿನ ಕಲ್ಲಿನ ಮೇಲೆ ಹತ್ತಿ ನಿಂತು, ತನ್ನ ಎದೆಯಲ್ಲಿದ್ದ ಅಷ್ಟೂ ಉಸಿರಿನಿಂದ ಆ ಹೆಸರನ್ನು ಕೂಗಿದಳು.

"ಓ," ಎಂದಳು ದಾವಲ್‌ಬೀ, ಪಕ್ಕದಲ್ಲೇ ನಿಂತು, ಮೆಲ್ಲಗೆ.

ದುರುಗಪ್ಪ ಹಲಗೆ ಎತ್ತಿದ. ಬೆಳೆ ಸತ್ತ ತುಂಡಿಗೆ ಮೂರೂವರೆ ತಾಸೂ ನೀರು ಬಿಟ್ಟರು.